ಅಕ್ಷರಗಳಿಗೊಂದು ಕೆರೆ: ಬೇಸಿಕ್ ಕಂಪೈಲರು ಮತ್ತು ಸರಣಿ ಸಂಪರ್ಕದ ಬಫರು

ಬೆಂಗಳೂರಿನ ದಂಡು ಪ್ರದೇಶದ ಪೂರ್ವದ ಅಂಚಿನಲ್ಲಿರುವ ಹಲಸೂರು ಕೆರೆಯನ್ನು ವಾಚಕರಲ್ಲಿ ಅನೇಕರು ನೋಡಿರಬೇಕು. ಕೆರೆಗಳನ್ನು ನಮ್ಮ ಹಿರಿಯರು ಏತಕ್ಕಾಗಿ ಕಟ್ಟಿದರು? ಮಳೆಯು ನಮ್ಮ ಅನುಕೂಲವನ್ನು ಕೇಳಿಕೊಂಡು ಬರುವುದಿಲ್ಲ. ಒಂದು ಸಂಜೆ ಎರಡು ಗಂಟೆಗಳ ಕಾಲ ಸುರಿದು ನಿಂತುಬಿಡುತ್ತದೆ. ಪೈರಿಗಾದರೋ ನೀರು ಬೇಕಾಗುವುದು ದಿನವೂ ಇಷ್ಟಿಷ್ಟರಂತೆ. ಬರುವ ವೇಗ ಒಂದು, ಬೇಕಾಗುವ ವೇಗ ಇನ್ನೊಂದು; ಇವೆರಡರ ನಡುವಣ ಹೊಂದಾಣಿಕೆಯೇ ಕೆರೆ. ಕಾಲುವೆಯ ನೀರು ತನ್ನ ಪಾಡಿಗೆ ಒಳಗೆ ಬರುತ್ತದೆ, ತೂಬಿನ ನೀರು ನಮ್ಮ ಇಚ್ಛೆಯಂತೆ ಹೊರಗೆ ಹೋಗುತ್ತದೆ, ಪಾತ್ರ ತುಂಬಿದಮೇಲೆ ಮಿಕ್ಕದ್ದು ಕೋಡಿ ಹರಿಯುತ್ತದೆ. ಹಲಸೂರಿನಲ್ಲಿ ಮಿಕ್ಕ ನೀರು ಕೆಳಗಿನ ಬೆಳ್ಳಂದೂರು ಕೆರೆಯ ಕಡೆಗೆ ಸಾಗುವಂತೆ ನೆಲದ ಇಳಿಜಾರೇ ಇದೆ.

ಗಣಕಯಂತ್ರದೊಳಗೂ ಇಂತಹ ಕೆರೆಗಳುಂಟು. ಹೊರಗಿನ ಉಪಕರಣವೊಂದು ತಂತಿಯ ಮೂಲಕ ಅಕ್ಷರಗಳನ್ನು ತನ್ನ ವೇಗದಲ್ಲಿ ಕಳುಹಿಸುತ್ತಿರುತ್ತದೆ. ನಾವು ಬರೆದ ಕ್ರಮವಿಧಿಯು ತನಗೆ ಬಿಡುವಾದಾಗ ಅವುಗಳನ್ನು ಓದಿಕೊಳ್ಳುತ್ತದೆ. ಈ ನಡುವೆ ಅಕ್ಷರಗಳು ತಂಗಿರುವ ಸ್ಮೃತಿಭಾಗಕ್ಕೆ ಬಫರು ಎಂದು ಹೆಸರು. ಕೆರೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಈ ಕೆರೆಗೆ ಕೆಳಗಡೆ ಇನ್ನೊಂದು ಕೆರೆಯಿಲ್ಲ. ಕೋಡಿ ಹರಿದ ಅಕ್ಷರವನ್ನು ಮತ್ತೆಲ್ಲಿಯೂ ಹುಡುಕಿ ತರುವಂತಿಲ್ಲ.

ಹಳೆಯ ಬೇಸಿಕ್ ಕಂಪೈಲರುಗಳಲ್ಲಿ ಈ ಬಫರಿನ ಅಳತೆಯನ್ನು ಕ್ರಮವಿಧಿ ಬರೆಯುವವನೇ ಗೊತ್ತುಮಾಡಬಹುದಾಗಿತ್ತು. ಮೂವತ್ತು ನಲವತ್ತು ವರ್ಷಗಳ ಹಿಂದಿನ ಈ ವಿಷಯ ಈಗ ಏತಕ್ಕೆ ಎಂದು ಕೇಳುವವರಿರಬಹುದು. ಇದಕ್ಕೆ ಎರಡು ಉತ್ತರಗಳಿವೆ. ಉಪಕರಣದೊಡನೆ ಬಂದ ಹಳೆಯ ಗಣಕಯಂತ್ರವು ಇಂದಿಗೂ ಸರಿಯಾಗಿ ನಡೆಯುತ್ತಿರುವ ಕಾರಣದಿಂದ ಅದನ್ನೇ ಉಳಿಸಿಕೊಂಡಿರುವ ಪ್ರಯೋಗಶಾಲೆಗಳು ಇನ್ನೂ ಇವೆ. ಅದಕ್ಕಿಂತ ಮುಖ್ಯವಾಗಿ, ಹೊಸ ಸಲಕರಣೆಗಳಲ್ಲಿ ಮುಚ್ಚಿಟ್ಟಿರುವ ಈ ವ್ಯವಸ್ಥೆಯು ಹಳೆಯ ಬೇಸಿಕ್ಕಿನಲ್ಲಿ ಕಣ್ಣಿಗೆ ಕಾಣುವಂತೆ ತೆರೆದಿದೆ. ಕಲಿಯುವವರಿಗೆ ಇಂತಹ ಸಲಕರಣೆಯೇ ಒಳ್ಳೆಯದು.

ಸಮಸ್ಯೆಯು ಗಣಕಯಂತ್ರಕ್ಕಿಂತ ಹಳೆಯದು. ಅದರ ನಿದರ್ಶನವು ಕೃಷ್ಣರಾಜಪುರದ ಬಳಿಯಲ್ಲಿಯೇ ದೊರೆಯುತ್ತದೆ. 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಿಂದಾಗಿ ಅಲ್ಲಿಯ ಬಡಾವಣೆಗೆ ದೂರವಾಣಿನಗರವೆಂಬ ಹೆಸರು ಬಂದಿತು. (ಯಂತ್ರವೊಂದರ ದೇಶೀಯ ಹೆಸರು ಊರಿನ ಹೆಸರಾಗಿ ನಿಂತಿರುವುದು ಅಪರೂಪ, ಗಮನಿಸಬೇಕಾದದ್ದು.) ಅಲ್ಲಿ ಮೊದಲು ತಯಾರಾದದ್ದು ಸ್ಟ್ರೌಜರ್ ಪದ್ಧತಿಯ ವಿನಿಮಯ ಕೇಂದ್ರಗಳ ಸಲಕರಣೆ. ಈ ಪದ್ಧತಿಯಲ್ಲಿ ಚಂದಾದಾರನು ಡಯಲನ್ನು ತಿರುಗಿಸಿದಾಗ ಸೆಕೆಂಡಿಗೆ ಸುಮಾರು 10ರಂತೆ ವಿದ್ಯುತ್ ಸ್ಪಂದಗಳು ಹೊರಡುತ್ತವೆ. ಪ್ರತಿಯೊಂದು ಸ್ಪಂದಕ್ಕೂ ಕೇಂದ್ರದಲ್ಲಿರುವ ಆಯ್ಕೆಯಂತ್ರದ ತೋಳು ಒಂದೊಂದು ಮೆಟ್ಟಿಲು ಏರುತ್ತದೆ. ಒಂದು ಅಂಕೆ ಮುಗಿದು ಮುಂದಿನದು ಆರಂಭವಾಗುವುದರೊಳಗೆ ಆ ತೋಳು ಅಡ್ಡಲಾಗಿ ಸುತ್ತಿ, ಬಿಡುವಾಗಿರುವ ಮುಂದಿನ ತಂತಿಯನ್ನು ಹಿಡಿಯಬೇಕು. ಅಂಕೆಗಳನ್ನು ಕೂಡಿಡುವ ಸ್ಥಳವೇ ಇಲ್ಲ. ಡಯಲು ಹಿಂದಿರುಗುವಷ್ಟರಲ್ಲಿ, ಬೆರಳು ಮುಂದಿನ ತೂತಿಗೆ ಹೋಗುವಷ್ಟರಲ್ಲಿ, ಎಷ್ಟು ಸಮಯ ಸಿಕ್ಕಿತೋ ಅಷ್ಟೇ ಯಂತ್ರಕ್ಕಿರುವ ಬಿಡುವು.

ಅನಂತರ ಬಂದ ಕ್ರಾಸ್‌ಬಾರ್ ಪದ್ಧತಿಯಲ್ಲಿ ಈ ಏರ್ಪಾಡು ಬದಲಾಯಿತು. ಚಂದಾದಾರನು ತಿರುಗಿಸಿದ ಅಂಕೆಗಳೆಲ್ಲವೂ ಮೊದಲು ರಿಜಿಸ್ಟರ್ ಎಂಬ ಭಾಗದಲ್ಲಿ ತಂಗುತ್ತವೆ. ನಿಯಂತ್ರಣ ಯಂತ್ರವು ಅವುಗಳನ್ನು ನೋಡಿ ದಾರಿಯನ್ನು ಗೊತ್ತುಮಾಡಿ, ರಿಜಿಸ್ಟರನ್ನು ಇನ್ನೊಂದು ಕರೆಗಾಗಿ ಬಿಟ್ಟುಕೊಡುತ್ತದೆ. ಕೈಯ ವೇಗಕ್ಕೂ ಯಂತ್ರದ ವೇಗಕ್ಕೂ ಇದ್ದ ಗಂಟು ಹೀಗೆ ಬಿಚ್ಚಿತು. ಆದರೆ ರಿಜಿಸ್ಟರುಗಳ ಸಂಖ್ಯೆ ಮಿತವಾದದ್ದು. ಎಲ್ಲವೂ ತುಂಬಿರುವಾಗ ಬಂದ ಚಂದಾದಾರನಿಗೆ ‘ಡಯಲ್ ಟೋನ್’ ಎಂಬ ಗುಂಯ್‌ಗುಟ್ಟುವ ದನಿ ಕೇಳಿಸುವುದಿಲ್ಲ, ಅವನು ಕಾಯಬೇಕು. ಆ ದನಿಯ ಅರ್ಥ ಇಷ್ಟೆ: ‘ಈಗ ನನ್ನಲ್ಲಿ ಸ್ಥಳವಿದೆ, ಕಳುಹಿಸು.’ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ಹಿಂದಿರುಗುವೆವು.

ಈಗ ಗಣಕಯಂತ್ರಕ್ಕೆ ಬರೋಣ. ಅದರ ಹಿಂಬದಿಯಲ್ಲಿರುವ ಆರ್‌ಎಸ್-232 ಎಂಬ ಸರಣಿದ್ವಾರದಲ್ಲಿ ಬಿಟ್‌ಗಳು ಒಂದರ ಹಿಂದೆ ಒಂದರಂತೆ ಬರುತ್ತವೆ. ಸಾಮಾನ್ಯವಾಗಿ ಒಂದು ಅಕ್ಷರಕ್ಕೆ 8 ಬಿಟ್‌ಗಳು. ಮುಂದೆ ಆರಂಭವನ್ನು ಸೂಚಿಸುವ ಒಂದು, ಹಿಂದೆ ಮುಕ್ತಾಯವನ್ನು ಸೂಚಿಸುವ ಒಂದು, ಒಟ್ಟು 10. ಆದುದರಿಂದ ಸೆಕೆಂಡಿಗೆ 9600 ಬಿಟ್‌ಗಳ ವೇಗವೆಂದರೆ ಸೆಕೆಂಡಿಗೆ 960 ಅಕ್ಷರಗಳು. ಒಂದು ಅಕ್ಷರಕ್ಕೆ 1.04 ಮಿಲಿಸೆಕೆಂಡು. 9600 ಎಂಬ ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂದಿತೆಂಬ ಕುತೂಹಲವುಳ್ಳವರಿಗೆ ಒಂದು ಮಾತು: ಆ ಗಣಕಗಳ ಸರಣಿದ್ವಾರದ ಸ್ಫಟಿಕವು ಸೆಕೆಂಡಿಗೆ 18,43,200 ಸಲ ಕಂಪಿಸುತ್ತದೆ, ಅದನ್ನು 16ರಿಂದ ಭಾಗಿಸಿದರೆ 1,15,200, ಮತ್ತೆ 12ರಿಂದ ಭಾಗಿಸಿದರೆ 9600.

ಬಿಟ್‌ಗಳನ್ನು ಕೂಡಿಸಿ ಅಕ್ಷರವನ್ನಾಗಿ ಮಾಡುವುದು ಒಂದು ಚಿಕ್ಕ ಚಿಪ್ಪಿನ ಕೆಲಸ. ಮೊದಲ ಐಬಿಎಂ ಪಿಸಿಗಳಲ್ಲಿದ್ದ 8250 ಎಂಬ ಚಿಪ್ಪಿಗೆ ಒಂದೇ ಒಂದು ಬೊಗಸೆ. ಪೂರ್ಣವಾದ ಅಕ್ಷರವು ಅದರಲ್ಲಿ ನಿಂತಿರುವಾಗ ಹಿಂದಿನ ಅಕ್ಷರವು ಬಿಟ್‌ಬಿಟ್ಟಾಗಿ ಒಳಗೆ ಬರುತ್ತಿರುತ್ತದೆ. ಅಕ್ಷರ ಸಿದ್ಧವಾದೊಡನೆ ಚಿಪ್ಪು ಗಣಕದ ಮುಖ್ಯ ಸಂಸ್ಕಾರಕವನ್ನು ಕೂಗಿ ಕರೆಯುತ್ತದೆ. ಇದಕ್ಕೆ ಇಂಟರಪ್ಟ್ ಎಂದು ಹೆಸರು. ಸಂಸ್ಕಾರಕವು ಕೈಯಲ್ಲಿದ್ದ ಕೆಲಸವನ್ನು ಅಲ್ಲಿಯೇ ನಿಲ್ಲಿಸಿ, ಬೇಸಿಕ್ಕಿನವರು ಮೊದಲೇ ನೇಮಿಸಿಟ್ಟಿರುವ ಪುಟ್ಟ ಕ್ರಮವಿಧಿಯೊಂದನ್ನು ನಡೆಸುತ್ತದೆ. ಇದನ್ನು ಕೆರೆಯ ನೀರಗಂಟಿಗೆ ಹೋಲಿಸಬಹುದು. ಚಿಪ್ಪಿನ ಬೊಗಸೆಯಲ್ಲಿರುವ ಅಕ್ಷರವನ್ನು ಎತ್ತಿ ಬಫರಿಗೆ ಹಾಕಿ ಹೊರಟುಹೋಗುವುದಷ್ಟೇ ಅದರ ಕೆಲಸ. ನಮ್ಮ ಕ್ರಮವಿಧಿಯು ಡಿಸ್ಕಿಗಾಗಿ ಕಾಯುತ್ತಿದ್ದರೂ ನೀರಗಂಟಿಯ ಕೆಲಸ ನಡೆದೇ ಇರುತ್ತದೆ.

ಆದುದರಿಂದ ಅಕ್ಷರವು ಎರಡು ಬೇರೆ ಬೇರೆ ಸ್ಥಳಗಳಲ್ಲಿ ಕಳೆದುಹೋಗಬಹುದು. ನೀರಗಂಟಿಯು ಒಂದು ಅಕ್ಷರದ ಅವಧಿಗಿಂತ ತಡವಾಗಿ ಬಂದರೆ, ಚಿಪ್ಪಿನ ಬೊಗಸೆಯಲ್ಲಿದ್ದ ಅಕ್ಷರದ ಮೇಲೆಯೇ ಮುಂದಿನದು ಬಂದು ಕೂರುತ್ತದೆ. ಇದು ಚಿಪ್ಪಿನಲ್ಲಾದ ನಷ್ಟ. ನೀರಗಂಟಿ ಸಕಾಲಕ್ಕೆ ಬಂದರೂ ಕೆರೆ ತುಂಬಿದ್ದರೆ ಎತ್ತಿದ ಅಕ್ಷರವನ್ನು ಇಡಲು ಸ್ಥಳವಿರುವುದಿಲ್ಲ. ಇದು ಬಫರಿನಲ್ಲಾದ ನಷ್ಟ. ಇವೆರಡನ್ನೂ ಒಂದೇ ಎಂದು ಭಾವಿಸಿ, ಮೊದಲನೆಯ ರೋಗಕ್ಕೆ ಎರಡನೆಯದರ ಮದ್ದನ್ನು ಕೊಡುವವರು ಬಹಳ. ಬಫರನ್ನು ಹತ್ತು ಪಟ್ಟು ಹಿಗ್ಗಿಸಿದರೂ ಚಿಪ್ಪಿನ ಬೊಗಸೆ ಹಿಗ್ಗುವುದಿಲ್ಲ. ಅಲ್ಲಿ ಬೇಕಾದುದು ಕಡಿಮೆ ವೇಗ, ಇಲ್ಲವೆ 16 ಅಕ್ಷರಗಳನ್ನು ಹಿಡಿದಿಡಬಲ್ಲ 16550 ಜಾತಿಯ ಚಿಪ್ಪು. ಜಿಡಬ್ಲ್ಯು ಬೇಸಿಕ್ಕಿನಲ್ಲಿ ಮೊದಲನೆಯ ನಷ್ಟಕ್ಕೆ 57ನೆಯ ದೋಷಸೂಚನೆಯೂ ಎರಡನೆಯದಕ್ಕೆ 69ನೆಯ ದೋಷಸೂಚನೆಯೂ ಬರುತ್ತವೆ. ಔಷಧಕ್ಕೆ ಮುಂಚೆ ಈ ಸಂಖ್ಯೆಯನ್ನು ನೋಡಬೇಕು.

ಬಫರಿನ ಒಳರಚನೆಯು ಸೊಗಸಾದದ್ದು. ಗಡಿಯಾರದ ಮುಖವನ್ನು ನೆನೆಯಿರಿ. ಹನ್ನೆರಡು ಮನೆಗಳು, ಎರಡು ಮುಳ್ಳುಗಳು. ಒಂದು ಮುಳ್ಳು ಬರೆಯುವುದು. ಅದನ್ನು ನೀರಗಂಟಿಯು ತಳ್ಳುತ್ತದೆ. ಇನ್ನೊಂದು ಓದುವುದು, ಅದನ್ನು ನಮ್ಮ ಕ್ರಮವಿಧಿಯು ತಳ್ಳುತ್ತದೆ. ಹನ್ನೆರಡನೆಯ ಮನೆಯಾದಮೇಲೆ ಮತ್ತೆ ಒಂದನೆಯದು. ಅಕ್ಷರಗಳನ್ನು ಹಿಂದಕ್ಕೆ ಮುಂದಕ್ಕೆ ಸರಿಸುವ ಶ್ರಮವೇ ಇಲ್ಲ, ಸ್ಥಳ ಮುಗಿಯುವುದೂ ಇಲ್ಲ. ಆದರೆ ಎರಡು ಮುಳ್ಳುಗಳೂ ಒಂದೇ ಮನೆಯಲ್ಲಿ ಕೂಡಿದರೆ ಅರ್ಥವೇನು? ಕೆರೆ ಪೂರ್ಣ ಬರಿದಾಗಿದೆಯೆ, ಪೂರ್ಣ ತುಂಬಿದೆಯೆ? ಮುಳ್ಳುಗಳನ್ನು ನೋಡಿ ಹೇಳಲಾಗುವುದಿಲ್ಲ. ಈ ಸಂದೇಹವನ್ನು ಕಳೆಯಲು ಒಂದು ಮನೆಯನ್ನು ಯಾವಾಗಲೂ ಖಾಲಿಯಾಗಿಡುವುದು ರೂಢಿಯಲ್ಲಿರುವ ಉಪಾಯ. ಅಂದರೆ ಹನ್ನೆರಡು ಮನೆಗಳ ಬಫರಿನಲ್ಲಿ ಹನ್ನೊಂದು ಅಕ್ಷರಗಳಿಗೆ ಮಾತ್ರ ಸ್ಥಳ.

ಬೇಸಿಕ್ ಭಾಷೆಯನ್ನು ಕೆಮೆನಿ ಮತ್ತು ಕರ್ಟ್ಸ್ ಎಂಬ ಇಬ್ಬರು ಗಣಿತ ಅಧ್ಯಾಪಕರು ಅಮೆರಿಕೆಯ ಡಾರ್ಟ್‌ಮತ್ ಕಾಲೇಜಿನಲ್ಲಿ 1964ರಲ್ಲಿ ರೂಪಿಸಿದರು. ವಿಜ್ಞಾನವನ್ನು ಓದದ ವಿದ್ಯಾರ್ಥಿಗಳೂ ಗಣಕವನ್ನು ಬಳಸಬೇಕೆಂಬುದು ಅವರ ಉದ್ದೇಶವಾಗಿತ್ತು. ಪಿಸಿಗಳು ಬಂದಮೇಲೆ ಈ ಭಾಷೆಯು ಸರಣಿದ್ವಾರವನ್ನೂ ಕಡತವೊಂದನ್ನು ತೆರೆಯುವಂತೆಯೇ ತೆರೆಯುವ ಸೌಕರ್ಯವನ್ನು ಪಡೆಯಿತು. ಆದರೆ ಬಫರಿನ ಅಳತೆಯನ್ನು ಹೇಳುವ ಸ್ಥಳ ಒಂದೊಂದರಲ್ಲಿ ಒಂದೊಂದು ಬಗೆ. ಸಾಲುಸಾಲಾಗಿ ಓದಿ ನಡೆಸುವ ಜಿಡಬ್ಲ್ಯು ಬೇಸಿಕ್ಕಿನಲ್ಲಿ ಅದನ್ನು ಆರಂಭದಲ್ಲಿಯೇ ಹೇಳಬೇಕು: ಬೇಸಿಕ್ಕನ್ನು ಕರೆಯುವ ಆಜ್ಞೆಯ ಕೊನೆಯಲ್ಲಿ ಓರೆಗೆರೆ, ‘ಸಿ’ ಅಕ್ಷರ, ಎರಡು ಚುಕ್ಕೆ, ಅನಂತರ ಸಂಖ್ಯೆ. ಏನನ್ನೂ ಹೇಳದಿದ್ದರೆ ಬರುವ ಅಕ್ಷರಗಳಿಗೆ 256 ಬೈಟುಗಳು, ಹೋಗುವ ಅಕ್ಷರಗಳಿಗೆ 128. ಮೈಕ್ರೋಸಾಫ್ಟಿನ ಕ್ವಿಕ್ ಬೇಸಿಕ್ಕಿನಲ್ಲಿ ದ್ವಾರವನ್ನು ತೆರೆಯುವ ‘ಓಪನ್’ ವಾಕ್ಯದೊಳಗೆ ‘ಆರ್‌ಬಿ’ ಎಂಬ ಎರಡು ಅಕ್ಷರಗಳೊಡನೆ ಅಳತೆಯನ್ನು ಕೊಡಬಹುದು, ಕೊಡದಿದ್ದರೆ 512.

ಬಾಬ್ ಝೇಲ್ ಅವರು ಬರೆದು, ಬೋರ್ಲೆಂಡ್ ಸಂಸ್ಥೆಯು 1987ರಲ್ಲಿ ಹೊರತಂದ ಟರ್ಬೊ ಬೇಸಿಕ್ಕಿನ ರೀತಿಯೇ ಬೇರೆ. (ಇದೇ ಮುಂದೆ ಪವರ್ ಬೇಸಿಕ್ ಎಂಬ ಹೆಸರನ್ನು ತಾಳಿತು.) ಇದು ಕಂಪೈಲರು: ಕ್ರಮವಿಧಿಯನ್ನು ಮೊದಲು ಪೂರ್ತಿಯಾಗಿ ಯಂತ್ರಭಾಷೆಗೆ ತಿರುಗಿಸಿಕೊಂಡು ಅನಂತರ ನಡೆಸುವಂಥದು. ಇಲ್ಲಿ ಕ್ರಮವಿಧಿಯ ತಲೆಯಲ್ಲಿ ಡಾಲರ್ ಚಿಹ್ನೆ, ಅದಕ್ಕೆ ಅಂಟಿಕೊಂಡು ‘ಕಾಮ್’ ಎಂಬ ಪದ, ದ್ವಾರದ ಸಂಖ್ಯೆ, ಬಳಿಕ ತೆರಪು ಬಿಟ್ಟು 1024 ಎಂದು ಬರೆದರೆ ಆ ದ್ವಾರಕ್ಕೆ 1024 ಬೈಟುಗಳ ಬಫರು ದೊರೆಯುತ್ತದೆ, ಬರೆಯದಿದ್ದರೆ 256. ಡಾಲರ್ ಚಿಹ್ನೆಯಿಂದ ಆರಂಭವಾಗುವ ಇಂತಹ ವಾಕ್ಯಗಳು ಓಡುವ ಯಂತ್ರಕ್ಕೆ ಕೊಡುವ ಆಜ್ಞೆಗಳಲ್ಲ, ಕಟ್ಟುವ ಕಂಪೈಲರಿಗೆ ಕೊಡುವ ಸೂಚನೆಗಳು. ಮನೆ ಕಟ್ಟಿದಮೇಲೆ ಅಡಿಪಾಯವನ್ನು ಅಗಲಿಸಲಾಗುವುದಿಲ್ಲ. ಆದುದರಿಂದ ಆ ಸಂಖ್ಯೆಯ ಸ್ಥಾನದಲ್ಲಿ ಚರಾಕ್ಷರವನ್ನಿಡುವಂತಿಲ್ಲ, ಸ್ಥಿರಸಂಖ್ಯೆಯೇ ಇರಬೇಕು. ಬಫರಿನ ಅಳತೆಯನ್ನು ಮುಂಚಿತವಾಗಿ ಆಲೋಚಿಸಿಯೇ ಬರೆಯುವಂತೆ ಈ ಕಟ್ಟಳೆಯು ವಿದ್ಯಾರ್ಥಿಯನ್ನು ಒತ್ತಾಯಪಡಿಸುತ್ತದೆ. ಇದು ಒಳ್ಳೆಯದೇ ಎಂದು ನಮ್ಮ ಅಭಿಪ್ರಾಯ.

ಹಾಗಾದರೆ ಎಷ್ಟಿರಬೇಕು? ಒಂದು ಪ್ರಯೋಗವನ್ನು ತೆಗೆದುಕೊಳ್ಳೋಣ. ಪದವಿ ತರಗತಿಗಳಲ್ಲಿ ನೀರಿನ ಸ್ನಿಗ್ಧತೆಯನ್ನು ಕಂಡುಹಿಡಿಯಲು ಪಾಯ್ಸೆಯ ವಿಧಾನವನ್ನು ಅನುಸರಿಸುವುದುಂಟು. ಸೂಕ್ಷ್ಮನಾಳದ ಮೂಲಕ ನಿಯತವಾದ ಒತ್ತಡದಲ್ಲಿ ಹರಿದ ನೀರು ಪಾತ್ರೆಯಲ್ಲಿ ಸಂಗ್ರಹವಾಗುತ್ತದೆ. ಸೆಕೆಂಡಿಗೆ ಎಷ್ಟು ಸಂಗ್ರಹವಾಯಿತೆಂಬುದರಿಂದ ಸ್ನಿಗ್ಧತೆ ತಿಳಿಯುತ್ತದೆ. ಪಾತ್ರೆಯನ್ನು ವಿದ್ಯುನ್ಮಾನ ತಕ್ಕಡಿಯ ಮೇಲಿಟ್ಟು, ತಕ್ಕಡಿಯನ್ನು ಗಣಕದ ಸರಣಿದ್ವಾರಕ್ಕೆ ಜೋಡಿಸಿದೆವೆನ್ನಿ. ತಕ್ಕಡಿಯು ಸೆಕೆಂಡಿಗೆ 10 ಸಲ ತೂಕವನ್ನು ಹೇಳುತ್ತದೆ. ಚಿಹ್ನೆ, ಅಂಕೆಗಳು, ಗ್ರಾಂ ಎಂಬ ಗುರುತು, ಸಾಲಿನ ಮುಕ್ತಾಯ ಎಲ್ಲ ಸೇರಿ ಪ್ರತಿ ಸಾಲಿಗೂ 14 ಅಕ್ಷರಗಳು. ಸೆಕೆಂಡಿಗೆ 140 ಅಕ್ಷರಗಳಾದುವು. ಕ್ರಮವಿಧಿಯು ಬಂದ ಅಳತೆಗಳನ್ನು ಪ್ರತಿ 6 ಸೆಕೆಂಡಿಗೊಮ್ಮೆ ಫ್ಲಾಪಿ ಡಿಸ್ಕಿಗೆ ಬರೆಯುತ್ತದೆ. ಡಿಸ್ಕಿನ ಮೋಟಾರು ವೇಗವನ್ನು ಪಡೆಯಬೇಕು, ತೋಳು ತನ್ನ ಪಥವನ್ನು ಹುಡುಕಬೇಕು, ಬರೆಯಬೇಕು, ಸೂಚಿಯನ್ನು ತಿದ್ದಬೇಕು. ಇದೆಲ್ಲಕ್ಕೂ 2.3 ಸೆಕೆಂಡುಗಳಾದುವೆಂದು ಇಟ್ಟುಕೊಳ್ಳೋಣ.

ಈ ಅವಧಿಯಲ್ಲಿ ಬರುವ ಅಕ್ಷರಗಳು 140 × 2.3, ಎಂದರೆ 322. ಬಫರು 256. ಮಿಕ್ಕ 66 ಅಕ್ಷರಗಳು ಕೋಡಿ ಹರಿದುವು. ಅವು ಯಾವುವು? 256ರಲ್ಲಿ 18 ಪೂರ್ಣ ಸಾಲುಗಳೂ 19ನೆಯ ಸಾಲಿನ 4 ಅಕ್ಷರಗಳೂ ಹಿಡಿಯುತ್ತವೆ. 19ನೆಯದರ ಉಳಿದ 10 ಅಕ್ಷರಗಳು, 20ರಿಂದ 23ರವರೆಗಿನ 4 ಸಾಲುಗಳು ಹೋದುವು. ಅನಂತರ ಬಂದ 24ನೆಯ ಸಾಲು, ಬಾಲ ತುಂಡಾದ 19ನೆಯ ಸಾಲಿಗೆ ಅಂಟಿಕೊಂಡು ಎರಡೂ ಸೇರಿ ಒಂದು ವಿಕಾರವಾದ ಸಾಲಾಯಿತು. ಲೆಕ್ಕದಲ್ಲಿ ಕಡಿಮೆಯಾದ ಸಾಲುಗಳು 5.

ಬೇಸಿಕ್ ಇಲ್ಲಿ 69ನೆಯ ದೋಷವನ್ನು ತೋರಿಸಿ ನಿಲ್ಲಬೇಕಷ್ಟೆ. ಆದರೆ ದೋಷ ಬಂದರೂ ಮುಂದೆ ಸಾಗು ಎಂಬ ವಾಕ್ಯವನ್ನು ಕ್ರಮವಿಧಿಯ ಮೊದಲಲ್ಲಿಯೇ ಬರೆದಿಡುವ ಅಭ್ಯಾಸ ಅನೇಕರಿಗಿದೆ. ಹಾಗೆ ಬರೆದಿದ್ದರೆ ಯಂತ್ರವು ತುಟಿ ಬಿಚ್ಚುವುದಿಲ್ಲ. 60 ಸೆಕೆಂಡುಗಳ ಪ್ರಯೋಗದಲ್ಲಿ ಡಿಸ್ಕಿಗೆ 10 ಸಲ ಬರೆದಾಗ 50 ಸಾಲುಗಳು ಮಾಯವಾಗಿ, 600ರ ಬದಲು 550 ಉಳಿಯುತ್ತವೆ. ವಿದ್ಯಾರ್ಥಿಯು ಒಂದು ಸಾಲಿಗೆ ಹತ್ತನೆಯ ಒಂದು ಸೆಕೆಂಡಿನಂತೆ ಎಣಿಸಿ ಕಾಲವನ್ನು 55 ಸೆಕೆಂಡು ಎಂದು ತಿಳಿಯುತ್ತಾನೆ. ಮೊದಲ ತೂಕ ಸರಿಯಾಗಿದೆ, ಕೊನೆಯ ತೂಕವೂ ಸರಿಯಾಗಿದೆ. ನಡುವಣ ಕಾಲ ಮಾತ್ರ ಕುಗ್ಗಿದೆ. ಹರಿವಿನ ವೇಗವು ಶೇಕಡ 9ರಷ್ಟು ಹೆಚ್ಚಾಗಿ ಕಾಣುತ್ತದೆ, ಸ್ನಿಗ್ಧತೆಯು ಶೇಕಡ 8ಕ್ಕೂ ಸ್ವಲ್ಪ ಹೆಚ್ಚಾಗಿ ಇಳಿಯುತ್ತದೆ. 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ನೀರಿನ ಸ್ನಿಗ್ಧತೆ 0.89 ಮಿಲಿಪಾಸ್ಕಲ್-ಸೆಕೆಂಡು, ಅವನಿಗೆ ಬರುವ ಉತ್ತರ ಸುಮಾರು 0.82.

ಇದರಲ್ಲಿ ಭಯಪಡಬೇಕಾದ ಅಂಶವೆಂದರೆ 0.82 ಎಂಬುದು ಅಸಂಭವವಾದ ಉತ್ತರವಲ್ಲ. ಅದು ಸುಮಾರು 29 ಡಿಗ್ರಿಯ ನೀರಿನ ಸ್ನಿಗ್ಧತೆ. ಉಷ್ಣಮಾಪಕವನ್ನು ಸರಿಯಾಗಿ ಓದಿರಲಾರೆವು, ಬೇಸಗೆಯ ಮಧ್ಯಾಹ್ನವಲ್ಲವೆ ಎಂದು ದಾಖಲೆಯ ಪುಸ್ತಕದಲ್ಲಿ ಸಮಾಧಾನವನ್ನು ಬರೆದುಬಿಡಬಹುದು. ವಿಕಾರವಾದ ಆ ಹತ್ತು ಸಾಲುಗಳು ರೇಖಾಚಿತ್ರದಲ್ಲಿ ಹತ್ತು ಅಲೆಮಾರಿ ಬಿಂದುಗಳಾಗಿ ನಿಂತಿರುತ್ತವೆ. ಅವುಗಳನ್ನು ತಪ್ಪು ಅಳತೆಗಳೆಂದು ಹೊಡೆದುಹಾಕಲಾಗುತ್ತದೆ. ನಡೆದ ನಷ್ಟಕ್ಕೆ ಸಾಕ್ಷಿಯಾಗಿದ್ದವು ಅವು ಮಾತ್ರ.

ಮದ್ದು ಸುಲಭವಾಗಿ ಕಾಣುತ್ತದೆ. ಬರುವ ವೇಗವನ್ನು ಕ್ರಮವಿಧಿಯು ಗೈರುಹಾಜರಾಗುವ ಅತಿ ದೀರ್ಘವಾದ ಅವಧಿಯಿಂದ ಗುಣಿಸಿದರೆ ಬಫರಿನ ಕನಿಷ್ಠ ಅಳತೆ ಸಿಕ್ಕುತ್ತದೆ. ಇಲ್ಲಿ 322, ಆದುದರಿಂದ 512 ಸಾಕು, ಡಿಸ್ಕು ಒಮ್ಮೊಮ್ಮೆ ಎರಡನೆಯ ಸಲ ಪ್ರಯತ್ನಿಸುವುದುಂಟಾಗಿ 1024 ಕ್ಷೇಮ. 1024 ಇದ್ದಲ್ಲಿ ಕ್ರಮವಿಧಿಯು 7 ಸೆಕೆಂಡುಗಳಷ್ಟು ಕಾಲ ಈ ಕಡೆ ತಿರುಗಿ ನೋಡದಿದ್ದರೂ ನಷ್ಟವಿಲ್ಲ. ಸರಾಸರಿ ಗೈರುಹಾಜರಿಯನ್ನು ತೆಗೆದುಕೊಳ್ಳುವುದು ತಪ್ಪು. ಏರಿಯನ್ನು ಕಟ್ಟುವವನು ಸರಾಸರಿ ಮಳೆಯನ್ನು ನಂಬುವುದಿಲ್ಲ.

ಆದರೆ ಕೆರೆಯ ಲೆಕ್ಕದಲ್ಲಿ ತೂಬಿನದೂ ಒಂದು ಪಾಲಿದೆ. ಡಿಸ್ಕಿನ ಕೆಲಸ ಮುಗಿದಮೇಲೆ 6 ಸೆಕೆಂಡುಗಳಲ್ಲಿ ಉಳಿಯುವುದು 3.7. ಆಗ ಕ್ರಮವಿಧಿಯು ಸೆಕೆಂಡಿಗೆ 300 ಅಕ್ಷರಗಳನ್ನು ಓದಿ ಅರ್ಥಮಾಡಿಕೊಳ್ಳಬಲ್ಲುದಾದರೆ 1110 ಅಕ್ಷರಗಳನ್ನು ಮುಗಿಸಬಹುದು; 6 ಸೆಕೆಂಡುಗಳಲ್ಲಿ ಬರುವುದು 840. ಕೆರೆ ಪ್ರತಿ ಸಲವೂ ಬರಿದಾಗುತ್ತದೆ. ಪರದೆಯ ಮೇಲೆ ರೇಖಾಚಿತ್ರವನ್ನೂ ಎಳೆಯುತ್ತ ಸೆಕೆಂಡಿಗೆ 200ರಂತೆ ಮಾತ್ರ ಓದುವುದಾದರೆ? 740 ಮುಗಿಯುತ್ತವೆ, 100 ಉಳಿಯುತ್ತವೆ. ಮುಂದಿನ 6 ಸೆಕೆಂಡುಗಳಲ್ಲಿ ಇನ್ನೂ 100. ಈಗ ಬಫರಿನ ಯಾವ ಅಳತೆಯೂ ಸಾಲದು. ಕ್ವಿಕ್ ಬೇಸಿಕ್ಕಿನಲ್ಲಿ ಕೊಡಬಹುದಾದ ಗರಿಷ್ಠ ಅಳತೆಯಾದ 32,767 ಬೈಟುಗಳನ್ನೇ ಕೊಟ್ಟರೂ ಅರ್ಧ ಗಂಟೆಯ ಸುಮಾರಿಗೆ ಅದು ತುಂಬುತ್ತದೆ. ಹತ್ತು ನಿಮಿಷಗಳ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿ ಕಂಡು, ಎರಡು ಗಂಟೆಗಳ ನಿಜವಾದ ಪ್ರಯೋಗದಲ್ಲಿ ಕೆಡುವ ಕ್ರಮವಿಧಿಗಳ ರಹಸ್ಯ ಬಹುಮಟ್ಟಿಗೆ ಇದೇ. ದೊಡ್ಡ ಬಫರು ಇಂತಹ ದೋಷವನ್ನು ಗುಣಪಡಿಸುವುದಿಲ್ಲ, ಮರೆಸುತ್ತದೆ. ಈ ಅರ್ಥದಲ್ಲಿ ಚಿಕ್ಕ ಬಫರೇ ಹೆಚ್ಚು ಪ್ರಾಮಾಣಿಕವಾದದ್ದು. ಮೇಲಾಗಿ ಸ್ಮೃತಿಯು ಆ ಕಾಲದಲ್ಲಿ ಅಗ್ಗವಾಗಿರಲಿಲ್ಲ. ಜಿಡಬ್ಲ್ಯು ಬೇಸಿಕ್ ತೆರೆದಾಗ ಪರದೆಯ ಮೇಲೆ ಕಾಣುತ್ತಿದ್ದ ‘60300 ಬೈಟುಗಳು ಖಾಲಿ’ ಎಂಬ ಸೂಚನೆಯನ್ನು ಹಿರಿಯ ವಾಚಕರು ಮರೆತಿರಲಾರರು. ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಒಂದು ಕೆರೆಗೇ ಮುಳುಗಡೆ ಮಾಡುವುದು ಜಾಣತನವಲ್ಲ.

ಸ್ಥಳ ಸಾಲದಿದ್ದರೆ ಕಳುಹಿಸುವವನನ್ನೇ ತಡೆಯುವುದು ಇನ್ನೊಂದು ಉಪಾಯ. ಡಯಲ್ ಟೋನಿನ ಮಾತು ಇಲ್ಲಿಗೆ ಬರುತ್ತದೆ. ಆಸ್ಕಿ ಪಟ್ಟಿಯ 19ನೆಯ ಅಕ್ಷರವನ್ನು ಕಳುಹಿಸಿದರೆ ‘ನಿಲ್ಲು’, 17ನೆಯದನ್ನು ಕಳುಹಿಸಿದರೆ ‘ಮುಂದುವರಿಸು’ ಎಂಬ ಒಪ್ಪಂದವೊಂದು ಟೆಲಿಪ್ರಿಂಟರುಗಳ ಕಾಲದಿಂದಲೂ ನಡೆದುಬಂದಿದೆ; ರಂಧ್ರಗಳನ್ನು ಕೊರೆದ ಕಾಗದದ ಪಟ್ಟಿಯನ್ನು ಓದುವ ಯಂತ್ರವನ್ನು ದೂರದಿಂದ ನಿಲ್ಲಿಸಲು, ನಡೆಸಲು ಇವು ಬಳಕೆಯಾಗುತ್ತಿದ್ದುವು. ಆದರೆ ಜಿಡಬ್ಲ್ಯು ಬೇಸಿಕ್ ಇದನ್ನು ತಾನಾಗಿ ಕಳುಹಿಸುವುದಿಲ್ಲ, ಕ್ರಮವಿಧಿಯೇ ಕಳುಹಿಸಬೇಕು. ಡಿಸ್ಕಿಗಾಗಿ ಕಾಯುತ್ತಿರುವ ಕ್ರಮವಿಧಿಯು ಕೆರೆ ತುಂಬುವುದನ್ನು ನೋಡಲಾರದು. ಆದುದರಿಂದ ಡಿಸ್ಕಿನ ಕೆಲಸಕ್ಕೆ ಹೊರಡುವುದಕ್ಕೆ ಮುಂಚೆಯೇ ‘ನಿಲ್ಲು’ ಎಂದು ಹೇಳಿ ಹೊರಡಬೇಕು.

ಹೇಳಿದೊಡನೆ ಅಕ್ಷರಗಳು ನಿಲ್ಲುವುದೂ ಇಲ್ಲ. ತಂತಿ ಚಿಕ್ಕದಾಗಿದ್ದರೆ ಒಂದೆರಡು ಅಕ್ಷರಗಳು ಹೆಚ್ಚಾಗಿ ಬರಬಹುದು. ದಾರಿ ದೂರವಾದರೆ ಏನಾಗುತ್ತದೆ? 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿಗೆ ಬಂದು, ದಂಡಿನ ಮಿಲ್ಲರ್ಸ್ ರಸ್ತೆಯಲ್ಲಿ ನೆಲೆಸಿ, ಹೊರದೇಶದೊಡನೆ ಉಪಗ್ರಹದ ಮೂಲಕ ಸಂಪರ್ಕವನ್ನು ಏರ್ಪಡಿಸಿಕೊಂಡಿತು. ಅಂತಹ ಭೂಸ್ಥಿರ ಉಪಗ್ರಹವು ಸಮಭಾಜಕದ ಮೇಲೆ 35,786 ಕಿಲೋಮೀಟರು ಎತ್ತರದಲ್ಲಿರುತ್ತದೆ. ಏರಿ ಇಳಿಯಲು ಸಂಕೇತವು 71,000 ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು. ಬೆಳಕಿನ ವೇಗದಲ್ಲಿ ಅದಕ್ಕೆ 0.24 ಸೆಕೆಂಡು. ನಮ್ಮ ‘ನಿಲ್ಲು’ ಆಚೆಗೆ ಮುಟ್ಟಲು 0.24, ಅದು ಮುಟ್ಟುವುದರೊಳಗೆ ಹೊರಟ ಕೊನೆಯ ಅಕ್ಷರ ಈಚೆಗೆ ಬರಲು 0.24. ಈ 0.48 ಸೆಕೆಂಡುಗಳಲ್ಲಿ 9600ರ ವೇಗದಲ್ಲಿ 460 ಅಕ್ಷರಗಳು ಬಂದು ಬೀಳುತ್ತವೆ. 256 ಬೈಟುಗಳ ಬಫರನ್ನಿಟ್ಟುಕೊಂಡವನು ಅದು ಪೂರ್ಣ ಬರಿದಾಗಿರುವಾಗಲೇ ‘ನಿಲ್ಲು’ ಎಂದರೂ ನಷ್ಟ ತಪ್ಪುವುದಿಲ್ಲವೆಂದಾಯಿತು.

ನಮ್ಮ ತಕ್ಕಡಿಯ ಪ್ರಯೋಗದಲ್ಲಂತೂ ಈ ಉಪಾಯವನ್ನು ನಾವು ಒಪ್ಪಲಾರೆವು. ತಕ್ಕಡಿಯನ್ನು ನಿಲ್ಲಿಸಬಹುದು, ಸೂಕ್ಷ್ಮನಾಳದ ನೀರು ನಿಲ್ಲುವುದಿಲ್ಲ. ಅಕ್ಷರಗಳು ಕಳೆಯುವ ಬದಲು ಅಳತೆಗಳೇ ಕಳೆಯುತ್ತವೆ. ಅಲ್ಲಿ ಸರಿಯಾದ ಮಾರ್ಗವೆಂದರೆ ಬಂದ ಪ್ರತಿಯೊಂದು ಸಾಲಿನ ಪಕ್ಕದಲ್ಲಿಯೂ ಗಣಕದ ಗಡಿಯಾರದ ಕಾಲವನ್ನು ಬರೆಯುವುದು. ಬಫರಿನಲ್ಲಿ ತಂಗಿದ್ದ ಸಾಲುಗಳ ಕಾಲವು ಸ್ವಲ್ಪ ತಡವಾಗಿ ದಾಖಲಾಗುತ್ತದೆ, ನಿಜ. ಆದರೆ ಒಟ್ಟು ಅವಧಿ ಕುಗ್ಗುವುದಿಲ್ಲ, ಬಿಟ್ಟುಹೋದ ಸಾಲುಗಳಿದ್ದರೆ ಎಣಿಕೆಗೂ ಗಡಿಯಾರಕ್ಕೂ ತಾಳೆಯಾಗದೆ ಗುಟ್ಟು ಹೊರಬೀಳುತ್ತದೆ.

ಗೈರುಹಾಜರಿಯ ಅವಧಿಯನ್ನು ನಾವು ಊಹಿಸಿ 2.3 ಎಂದೆವು. ವಿದ್ಯಾರ್ಥಿಗಳು ಊಹಿಸಬೇಕಾಗಿಲ್ಲ. ಬಫರಿನಲ್ಲಿ ಓದದೆ ಉಳಿದಿರುವ ಅಕ್ಷರಗಳೆಷ್ಟೆಂಬುದನ್ನು ಬೇಸಿಕ್ಕಿನ ‘ಲಾಕ್’ ಎಂಬ ಫಲನವು ಹೇಳುತ್ತದೆ. ಮೊದಲು ಬಫರನ್ನು ಧಾರಾಳವಾಗಿಟ್ಟು, ಪ್ರತಿ ಸಲ ಓದುವುದಕ್ಕೆ ಮುಂಚೆ ಈ ಸಂಖ್ಯೆಯನ್ನು ನೋಡಿ, ಇದುವರೆಗೆ ಕಂಡ ಅತಿ ದೊಡ್ಡ ಬೆಲೆಯನ್ನು ಒಂದು ಚರಾಕ್ಷರದಲ್ಲಿ ಉಳಿಸಿಕೊಳ್ಳುತ್ತ ಹೋಗಬೇಕು. (ಜಿಡಬ್ಲ್ಯು ಬೇಸಿಕ್ಕಿನಲ್ಲಿ ಇದು 255ನ್ನು ದಾಟಿ ಹೇಳುವುದಿಲ್ಲವಾದ್ದರಿಂದ ಈ ಪರೀಕ್ಷೆಗೆ ಕಂಪೈಲರೇ ಮೇಲು.) ಕೆರೆಯ ಒಳಗೋಡೆಯಲ್ಲಿ ನೀರು ಏರಿದ ಗುರುತು ನಿಲ್ಲುವಂತೆ ಪ್ರಯೋಗದ ಕೊನೆಯಲ್ಲಿ ಆ ಗುರುತು ಉಳಿದಿರುತ್ತದೆ. ಅದನ್ನು ಎರಡರಿಂದ ಗುಣಿಸಿ ಡಾಲರ್-ಕಾಮ್ ಸೂಚನೆಯಲ್ಲಿ ಬರೆಯಬಹುದು. ಆದರೆ ಪ್ರಯೋಗದ ಉದ್ದಕ್ಕೂ ಆ ಗುರುತು ಮೇಲೇರುತ್ತಲೇ ಹೋಯಿತೆಂದಾದರೆ ಬಫರನ್ನು ಬಿಟ್ಟು ತೂಬನ್ನು ನೋಡಿಕೊಳ್ಳಬೇಕು: ರೇಖಾಚಿತ್ರವನ್ನು ಅಳತೆ ಮುಗಿದಮೇಲೆ ಎಳೆಯುವುದು, ಫ್ಲಾಪಿಯ ಬದಲು ಸ್ಮೃತಿಯಲ್ಲಿಯೇ ಕೂಡಿಟ್ಟು ಕೊನೆಯಲ್ಲಿ ಒಮ್ಮೆ ಬರೆಯುವುದು ಇತ್ಯಾದಿ. ಇನ್ನೂ ಕಠಿನವಾದ ಪರೀಕ್ಷೆ ಬೇಕೆಂದರೆ ತಕ್ಕಡಿಯ ಸ್ಥಾನದಲ್ಲಿ ಇನ್ನೊಂದು ಗಣಕವನ್ನಿಟ್ಟು 1, 2, 3 ಎಂದು ಅನುಕ್ರಮ ಸಂಖ್ಯೆಗಳನ್ನೇ ಕಳುಹಿಸಬೇಕು. ನಡುವೆ ಒಂದು ಸಂಖ್ಯೆ ತಪ್ಪಿದರೂ ಕಣ್ಣಿಗೆ ಬೀಳುತ್ತದೆ.

ಕೊನೆಯಲ್ಲಿ ಇಂದಿನ ವಿದ್ಯಾರ್ಥಿಗಳ ಕೈಯಲ್ಲಿರುವ ಆರ್ಡುಯಿನೊ ಊನೊ ಫಲಕವನ್ನು ತೆಗೆದುಕೊಳ್ಳೋಣ. ಅದರ ಸರಣಿದ್ವಾರದ ಬಫರು 64 ಬೈಟುಗಳು. ಗಡಿಯಾರದ ಖಾಲಿ ಮನೆಯ ನಿಯಮದಂತೆ 63 ಅಕ್ಷರಗಳಿಗೆ ಸ್ಥಳ. ಸೆಕೆಂಡಿಗೆ 1,15,200 ಬಿಟ್‌ಗಳ ವೇಗದಲ್ಲಿ ಅದು ತುಂಬಲು 5.5 ಮಿಲಿಸೆಕೆಂಡು ಸಾಕು. ಅಳತೆಗಳನ್ನು ಬರೆದಿಡುವ ಎಸ್‌ಡಿ ಕಾರ್ಡು ಒಮ್ಮೊಮ್ಮೆ 100 ಮಿಲಿಸೆಕೆಂಡುಗಳಷ್ಟು ಕಾಯಿಸಬಹುದು. ಆಗ ಬರುವ ಅಕ್ಷರಗಳು 1152. ಅಷ್ಟು ದೊಡ್ಡ ಬಫರನ್ನೇ ಇಟ್ಟುಬಿಡೋಣವೆಂದರೆ ಆ ಫಲಕದ ಓದು-ಬರಹದ ಸ್ಮೃತಿಯು ಒಟ್ಟು 2048 ಬೈಟುಗಳು, ಕಾರ್ಡಿಗೆ ಬರೆಯುವ ಕೆಲಸಕ್ಕೇ ಅದರಲ್ಲಿ 512 ಬೇಕು. ವೇಗವನ್ನು 4800ಕ್ಕೆ ಇಳಿಸಿದರೆ 100 ಮಿಲಿಸೆಕೆಂಡಿಗೆ 48 ಅಕ್ಷರಗಳು. 63ರೊಳಗೆ ಅವು ಸುಖವಾಗಿ ಹಿಡಿಯುತ್ತವೆ. ತಕ್ಕಡಿಯ 140 ಅಕ್ಷರಗಳಿಗೆ 4800 ಬಿಟ್‌ಗಳ ವೇಗವು ಹೇಗೂ ಧಾರಾಳವಾಯಿತು.